ಬೆಂಕಿ ರೋಗದ ಶಿಲೀಂಧ್ರ ಭತ್ತದ ಎಲೆಯೊಳಗೆ ಏನು ಮಾಡುತ್ತದೆ? ಜೀನ್ ಅಭಿವ್ಯಕ್ತಿ ಅಳೆಯಲು ಸಮಗ್ರ ಮಾರ್ಗದರ್ಶಿ

ಭತ್ತದ ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆ ಕಾಣಿಸಿತು ಅಂದರೆ, ಶಿಲೀಂಧ್ರ ಒಳಗೆ ಹೊಕ್ಕು ಆಗಲೇ ನಾಲ್ಕೈದು ದಿನ ಆಗಿರುತ್ತದೆ. ಗಿಡ ಗೆಲ್ಲುತ್ತದೋ ಸೋಲುತ್ತದೋ ಎಂಬುದು ಬಹುಪಾಲು ಮೊದಲ ಎರಡು ದಿನಗಳಲ್ಲೇ ತೀರ್ಮಾನವಾಗಿರುತ್ತದೆ. ಆ ಎರಡು ದಿನ ಎಲೆ ಹಸಿರಾಗಿಯೇ ಇರುತ್ತದೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಒಳಗೆ ಶಿಲೀಂಧ್ರ ಯಾವ ಗಂಟೆಯಲ್ಲಿ ಯಾವ ಆಯುಧ ತೆಗೆಯಿತು ಎಂದು ತಿಳಿಯಬೇಕಾದರೆ ಅದರ ಆರ್‌ಎನ್‌ಎಯನ್ನೇ ಕೇಳಬೇಕು. ಜೀನ್ ಚಾಲೂ ಆದಾಗ ಅದರ ಆರ್‌ಎನ್‌ಎ ನಕಲುಗಳು ತಯಾರಾಗುತ್ತವೆ, ಇದೇ ಜೀನ್ ಅಭಿವ್ಯಕ್ತಿ.

ಈ ಬರಹ ಅದನ್ನು ಕೇಳುವ ವಿಧಾನದ ಬಗ್ಗೆ. ಸಸ್ಯರೋಗಶಾಸ್ತ್ರ, ಬಯೋಟೆಕ್ನಾಲಜಿ, ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಬೆಂಕಿ ರೋಗದ ಶಿಲೀಂಧ್ರ, ಮ್ಯಾಗ್ನಪೋರ್ತೆ ಒರೈಝೆ. ಪೈರಿಕ್ಯುಲೇರಿಯ ಒರೈಝೆ ಎಂಬ ಹೆಸರೂ ಇದಕ್ಕಿದೆ. ಇದನ್ನೇ ಆರಿಸಲು ಕಾರಣ ಇದೆ. ಇದರ ಜೀನೋಮ್ 2005ರಲ್ಲೇ ಪ್ರಕಟವಾಗಿದೆ. ಅದರಲ್ಲಿ ಸುಮಾರು 11,000 ಜೀನ್‌ಗಳಿವೆ. ಜತೆಗೆ ಇದು ನಮ್ಮದೇ ಸಮಸ್ಯೆ. ಕೊಡಗಿನ ಪೊನ್ನಂಪೇಟೆಯಲ್ಲಿ ಈ ರೋಗ ಎಷ್ಟು ಜೋರಾಗಿ ಬರುತ್ತದೆ ಎಂದರೆ, ಭತ್ತದ ತಳಿಗಳ ನಿರೋಧಕ ಶಕ್ತಿ ಪರೀಕ್ಷಿಸಲು ಅಲ್ಲಿ ಬೆಳೆಸಿ ನೋಡುತ್ತಾರೆ.

ಶುರುವಿನಲ್ಲೇ ಒಂದು ಮಾತು. ಈ ಕೆಲಸದಲ್ಲಿ ಜಾಸ್ತಿ ತಪ್ಪಾಗುವುದು ಡಿಎನ್‌ಎಯನ್ನು ನಕಲು ಮಾಡುತ್ತಾ ಅಳೆಯುವ ಪಿಸಿಆರ್ ಯಂತ್ರದಲ್ಲಿ ಅಲ್ಲ. ಎಲೆಯೊಳಗೆ ಶಿಲೀಂಧ್ರ ಬೆಳೆದದ್ದನ್ನು ಜೀನ್ ಚುರುಕಾದದ್ದು ಎಂದು ಓದಿಕೊಳ್ಳುವುದರಲ್ಲಿ. ಊರಿನ ಗದ್ದಲ ಜಾಸ್ತಿಯಾಯಿತು ಎಂದರೆ ಜನ ಜೋರಾಗಿ ಕೂಗುತ್ತಿರಬಹುದು, ಇಲ್ಲವೇ ಜಾತ್ರೆಗೆ ಜನ ಜಾಸ್ತಿ ಸೇರಿರಬಹುದು. ಎರಡೂ ಬೇರೆ ಬೇರೆ, ಅಲ್ವಾ? ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಈ ವ್ಯತ್ಯಾಸವನ್ನು ಕಾಪಾಡಿಕೊಳ್ಳುವುದೇ ಮುಖ್ಯ.

ಮೊದಲು ಶಿಲೀಂಧ್ರದ ಗಡಿಯಾರ ತಿಳಿದುಕೊಳ್ಳಿ

ಯಾವ ಗಂಟೆಯಲ್ಲಿ ಎಲೆ ಕೀಳಬೇಕು ಎಂಬುದನ್ನು ನಿರ್ಧರಿಸುವುದು ಶಿಲೀಂಧ್ರ. ಹಾಗಾಗಿ ಅದರ ದಿನಚರಿ ಬಾಯಿಪಾಠ ಆಗಿರಬೇಕು.

ಮೂರು ಕೋಶಗಳ ಬೀಜಕ ಎಲೆಯ ಮೇಲೆ ಬೀಳುತ್ತದೆ. ತುದಿಯಿಂದ ಬರುವ ಅಂಟಿನಿಂದ ಗಟ್ಟಿಯಾಗಿ ಕೂರುತ್ತದೆ. ನೀರಿನ ಪಸೆ ಇದ್ದರೆ ಎರಡು ಗಂಟೆಯೊಳಗೆ ಮೊಳಕೆಯ ನಳಿಕೆ ಬರುತ್ತದೆ. ನಾಲ್ಕರಿಂದ ಎಂಟು ಗಂಟೆಯ ಹೊತ್ತಿಗೆ ಆ ನಳಿಕೆಯ ತುದಿ ಊದಿಕೊಂಡು ಗುಮ್ಮಟದಂಥ ಗೂಡಾಗುತ್ತದೆ. ಇದೇ ಅಪ್ರೆಸೋರಿಯಂ.

ಈ ಗೂಡಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದರ ಗೋಡೆಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಪದರ ಬರುತ್ತದೆ. ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಮೆಲನಿನ್ ಪದರ ಗ್ಲಿಸರಾಲನ್ನು ಹೊರಗೆ ಬಿಡುವುದಿಲ್ಲ, ನೀರು ಮಾತ್ರ ಒಳಗೆ ನುಗ್ಗುತ್ತದೆ. ಒತ್ತಡ 8 ಮೆಗಾಪಾಸ್ಕಲ್‌ವರೆಗೆ ಏರುತ್ತದೆ. ಕಾರಿನ ಟೈರಿನಲ್ಲಿರುವ ಒತ್ತಡಕ್ಕಿಂತ ಸುಮಾರು ಮೂವತ್ತೈದು, ನಲವತ್ತು ಪಟ್ಟು. ಈ ಒತ್ತಡದಿಂದಲೇ ಸೂಜಿಯಂಥ ಎಳೆಯೊಂದು ಎಲೆಯ ಹೊರಪದರವನ್ನು ಚುಚ್ಚಿ ಒಳಗೆ ಹೋಗುತ್ತದೆ. ಗದ್ದೆಗೆ ಹೊಡೆಯುವ ಟ್ರೈಸೈಕ್ಲಜೋಲ್ ಔಷಧಿ ತಡೆಯುವುದು ಇದೇ ಮೆಲನಿನ್ ತಯಾರಿಯನ್ನು. ಔಷಧಿ ಇದ್ದಾಗ ಗೂಡು ಕಟ್ಟಿಕೊಳ್ಳುತ್ತದೆ, ಆದರೆ ಬಣ್ಣ ಬರುವುದಿಲ್ಲ, ಒತ್ತಡ ಏರುವುದಿಲ್ಲ, ಚುಚ್ಚಲು ಆಗುವುದಿಲ್ಲ. ಹಾಗಾಗಿಯೇ ಅದು ಆಗಲೇ ಒಳಗೆ ಹೊಕ್ಕ ಶಿಲೀಂಧ್ರಕ್ಕಿಂತ, ಇನ್ನೂ ಹೊರಗಿರುವುದರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಯಾವ ಜೀನ್ ಯಾವ ಗಂಟೆಗೆ ಬೇಕು ಎಂಬ ಪ್ರಶ್ನೆ ಪುಸ್ತಕದ್ದಷ್ಟೇ ಅಲ್ಲ, ಯಾವಾಗ ಔಷಧಿ ಹೊಡೆಯಬೇಕು ಎಂಬ ರೈತರ ಪ್ರಶ್ನೆಯೂ ಹೌದು.

ಸುಮಾರು 24 ಗಂಟೆಗೆ ಶಿಲೀಂಧ್ರ ಮೊದಲ ಕೋಶದ ಒಳಗಿರುತ್ತದೆ. ಅಲ್ಲಿ ದಪ್ಪ ದಪ್ಪ ಗಂಟುಗಳಂಥ ಎಳೆಗಳಾಗಿ ಹರಡುತ್ತದೆ. ಆಗ ಅದು ಗಿಡದ ಕೋಶವನ್ನು ಕೊಲ್ಲುವುದಿಲ್ಲ, ಜೀವಂತ ಇಟ್ಟುಕೊಂಡೇ ತಿನ್ನುತ್ತದೆ. ಗಿಡಕ್ಕೆ ಗೊತ್ತಾಗದ ಹಾಗೆ ನೋಡಿಕೊಳ್ಳಲು ಎಫೆಕ್ಟರ್ ಎಂಬ ಪ್ರೋಟೀನ್‌ಗಳನ್ನು ಸುರಿಸುತ್ತದೆ. 36ರಿಂದ 48 ಗಂಟೆಯ ನಡುವೆ ಪಕ್ಕದ ಕೋಶಗಳಿಗೆ ದಾಟುತ್ತದೆ. 72 ಗಂಟೆಯ ನಂತರ ಮುಖವಾಡ ಕಳಚುತ್ತದೆ: ಕೋಶಗಳು ಸಾಯತೊಡಗುತ್ತವೆ, ಚುಕ್ಕೆ ಮೂಡುತ್ತದೆ, ಮುಂದೆ ಅದೇ ಚುಕ್ಕೆಯಿಂದ ಹೊಸ ಬೀಜಕಗಳು ಗಾಳಿಗೆ ಹಾರುತ್ತವೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಸೋಂಕಿನಲ್ಲಿ ಜೀನ್ ಅಭಿವ್ಯಕ್ತಿ ನೋಡುತ್ತೇನೆ" ಎಂಬುದು ಪ್ರಶ್ನೆಯಲ್ಲ. "ಬಾಸ್4 ಎಂಬ ಎಫೆಕ್ಟರ್ ಜೀನ್ ಶಿಲೀಂಧ್ರ ಎಲೆಯ ಹೊರಗಿದ್ದಾಗ ಮೌನವಾಗಿದ್ದು, ಕೋಶದೊಳಗೆ ಹೋದ ಮೇಲೆ ಚಾಲೂ ಆಗುತ್ತದೆಯೇ?" ಎಂಬುದು ಪ್ರಶ್ನೆ. ವಾಕ್ಯ ಸ್ಪಷ್ಟವಾಗಿದ್ದರೆ ಹೋಲಿಕೆ ಯಾವುದರ ಜತೆ ಎಂಬುದೂ ಅದರಲ್ಲೇ ಸಿಗುತ್ತದೆ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: ಹೊಸ ಜೀನ್ ಒಂದನ್ನೇ ಹಿಡಿದು ಹೊರಡಬೇಡಿ. ನಡತೆ ಗೊತ್ತಿರುವ ಎರಡು ಜೀನ್‌ಗಳನ್ನು ಜತೆಗೆ ಇಟ್ಟುಕೊಳ್ಳಿ. ಒಂದು ಎಂಪಿಜಿ1. ಇದು ಬೀಜಕದ ಮೇಲೆ ನೀರು ನಿಲ್ಲದ ಹಾಗೆ ಮಾಡುವ ಹೈಡ್ರೊಫೋಬಿನ್ ಪ್ರೋಟೀನಿನ ಜೀನ್. ಅಪ್ರೆಸೋರಿಯಂ ಕಟ್ಟುವಾಗ ಒಮ್ಮೆ ಏರುತ್ತದೆ, ಚುಕ್ಕೆ ಮೂಡುವ ಹೊತ್ತಿಗೆ ಮತ್ತೊಮ್ಮೆ ಏರುತ್ತದೆ. 1993ರಿಂದಲೂ ಗೊತ್ತಿರುವ ವಿಷಯ ಇದು. ಇನ್ನೊಂದು ಬಾಸ್4. ಕೋಶದೊಳಗಿನ ಎಳೆಗಳಲ್ಲಿ ಇದು ಚೆನ್ನಾಗಿ ಕಾಣಿಸುತ್ತದೆ. ಈ ಎರಡು ಗೊತ್ತಿರುವ ಹಾಗೆ ನಡೆದುಕೊಂಡರೆ ನಿಮ್ಮ ಪ್ರಯೋಗ ಸರಿಯಿದೆ ಎಂದರ್ಥ. ನಡೆದುಕೊಳ್ಳದಿದ್ದರೆ ಹೊಸ ಜೀನ್‌ನ ಫಲಿತಾಂಶವನ್ನೂ ನಂಬಬೇಡಿ.

ಹೆಜ್ಜೆ 2: ಸಮಯ ಮತ್ತು ಹೋಲಿಕೆಯ ಮಾದರಿ

ಎಂಟು ಸಮಯಗಳು ಸಾಕು: 0, 8, 16, 24, 36, 48, 72, 96 ಗಂಟೆ. ಕೈಯಲ್ಲಿ ಹಣ ಕಡಿಮೆ ಇದ್ದರೆ 8, 24, 36, 72 ಇಟ್ಟುಕೊಳ್ಳಿ. 36ನ್ನು ಮಾತ್ರ ಬಿಡಬೇಡಿ. ಎಫೆಕ್ಟರ್ ಜೀನ್‌ಗಳನ್ನು ನೋಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಹೋಲಿಕೆಗೆ ಎರಡು ಬಗೆಯ ಮಾದರಿ ಬೇಕು. ಒಂದು, ಗಿಡವಿಲ್ಲದೆ ಬೆಳೆದ ಶಿಲೀಂಧ್ರ, ಅಂದರೆ ದ್ರವ ಮಾಧ್ಯಮದಲ್ಲಿ ಬೆಳೆಸಿದ ಎಳೆಗಳು. ಎರಡು, ಶಿಲೀಂಧ್ರವಿಲ್ಲದ ಗಿಡ. ಇದಕ್ಕೆ ಬೀಜಕ ಇಲ್ಲದ ಅದೇ ದ್ರಾವಣ ಸಿಂಪಡಿಸಿ, ಸೋಂಕಿನ ಸಸಿ ಇಟ್ಟಂಥದ್ದೇ ಇನ್ನೊಂದು ಪೆಟ್ಟಿಗೆಯಲ್ಲಿ ಇಟ್ಟು, ಪ್ರತಿ ಸಮಯಕ್ಕೂ ಕೀಳಬೇಕು. ಒಂದೇ ಸಲ ಕಿತ್ತು ಎಲ್ಲಕ್ಕೂ ಅದನ್ನೇ ಬಳಸುವುದು ತಪ್ಪು. ಗಿಡಕ್ಕೆ ಹಗಲು ರಾತ್ರಿಯ ಲಯ ಇದೆ. ಸಂಜೆ 6ಕ್ಕೆ ಸಿಂಪಡಿಸಿದರೆ 24 ಗಂಟೆ ಎಂದರೆ ಮರುದಿನ ಸಂಜೆ, 36 ಗಂಟೆ ಎಂದರೆ ಬೆಳಗಿನ 6. ಸೋಂಕಿಲ್ಲದ ಗಿಡದಲ್ಲೂ ಈ ಎರಡು ಹೊತ್ತಿನಲ್ಲಿ ಸಾವಿರಾರು ಜೀನ್‌ಗಳು ಬೇರೆ ಬೇರೆಯಾಗಿರುತ್ತವೆ.

ಪ್ರತಿ ಸಮಯಕ್ಕೂ ಮೂರು ಜೈವಿಕ ಪುನರಾವರ್ತನೆ ಇರಲಿ. ಒಂದೇ ಕುಂಡದ ಮೂರು ಎಲೆಗಳು ಮೂರು ಪುನರಾವರ್ತನೆ ಆಗುವುದಿಲ್ಲ. ಬೇರೆ ದಿನ, ಬೇರೆ ತಟ್ಟೆಯ ಬೀಜಕ, ಬೇರೆ ಸಸಿ. ಹೀಗೆ ಮಾಡಿದರೆ ಮೂರು ವಾರ ಹಿಡಿಯುತ್ತದೆ ನಿಜ. ಆದರೆ ಇಲ್ಲಿ ಉಳಿಸಿದ ವಾರಗಳನ್ನು ಲೇಖನ ವಾಪಸ್ ಬಂದಾಗ ಎರಡರಷ್ಟು ಕಳೆಯಬೇಕಾಗುತ್ತದೆ.

ಹೆಜ್ಜೆ 3: ಸಸಿ, ಬೀಜಕ, ಸೋಂಕು

ಶಿಲೀಂಧ್ರವನ್ನು ನಿಮ್ಮ ಊರಿನ ಗದ್ದೆಯಿಂದಲೇ ಪ್ರತ್ಯೇಕಿಸಿ, ಇಲ್ಲವೇ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿರುವಂಥ ಮಾನ್ಯ ಸಂಗ್ರಹದಿಂದ ಪಡೆಯಿರಿ. ಬೇರೆ ಪ್ರದೇಶದ ಪ್ರಭೇದವನ್ನು (ಇದೇ ಶಿಲೀಂಧ್ರದ ಬೇರೆ ವಂಶವನ್ನು) ತಂದು ತೆರೆದ ಜಾಗದಲ್ಲಿ ಸಿಂಪಡಿಸುವುದು ಬೇಡವೇ ಬೇಡ. ಎಲ್ಲಾ ಕೆಲಸ ಮುಚ್ಚಿದ ಕೋಣೆಯಲ್ಲಿ ಆಗಲಿ. ಬಳಸಿದ ಎಲೆ, ತಟ್ಟೆ, ಮಣ್ಣು ಎಲ್ಲವನ್ನೂ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿದ ಮೇಲೆಯೇ ಹೊರಗೆ ಹಾಕಿ. ಸುತ್ತ ಭತ್ತದ ಗದ್ದೆ ಇರುವ ಕಾಲೇಜುಗಳಲ್ಲಿ ಇದನ್ನು ಎರಡು ಪಟ್ಟು ಎಚ್ಚರದಿಂದ ಮಾಡಬೇಕು.

ಸಸಿಗೆ ಎಚ್‌ಆರ್-12 ಅಥವಾ ಸಿಒ-39ರಂಥ ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿ ಆರಿಸಿ. ಮೂರು ವಾರದ ಸಸಿ ಸರಿಯಾದದ್ದು. ಶಿಲೀಂಧ್ರವನ್ನು ಓಟ್ಸ್ ಅಗರ್ ಮೇಲೆ ಬೆಳಕಿನಲ್ಲಿ ಬೆಳೆಸಿದರೆ ಬೀಜಕ ಕಟ್ಟುತ್ತದೆ. ನೀರಿನಲ್ಲಿ ಮೆಲ್ಲಗೆ ಉಜ್ಜಿ, ಎರಡು ಪದರದ ಮಲ್‌ಬಟ್ಟೆಯಲ್ಲಿ ಸೋಸಿ, ಹೀಮೊಸೈಟೋಮೀಟರ್‌ನಲ್ಲಿ ಎಣಿಸಿ. ಮಿ.ಲೀ.ಗೆ 1 ಲಕ್ಷ ಬೀಜಕ ಎಂಬುದು ತಳಿ ಪರೀಕ್ಷೆಯಲ್ಲೂ ಬಳಸುವ ಮಾಮೂಲಿ ಪ್ರಮಾಣ. ಎಲೆಗೆ ಹತ್ತಿಕೊಳ್ಳಲು ಚೂರು ಟ್ವೀನ್-20 ಅಥವಾ ಜೆಲಟಿನ್ ಬೆರೆಸುತ್ತಾರೆ. ಮೊದಲ 24 ಗಂಟೆ ಕತ್ತಲು, ಪೂರ್ತಿ ತೇವ, ಸುಮಾರು 25 ಡಿಗ್ರಿ.

ಎಲೆಗೆ ಸಿಂಪಡಿಸುವುದರಲ್ಲಿ ದೊಡ್ಡ ತೊಂದರೆ ಒಂದಿದೆ. ಮೊದಲ ದಿನ ಎಲೆಯಲ್ಲಿ ಶಿಲೀಂಧ್ರ ತೀರಾ ಕಡಿಮೆ. ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ ಇರುತ್ತದೆ. ತೆಗೆದ ಆರ್‌ಎನ್‌ಎಯಲ್ಲಿ ಶೇ. 99ಕ್ಕಿಂತ ಜಾಸ್ತಿ ಭತ್ತದ್ದೇ ಆಗಿರಬಹುದು. ಇದಕ್ಕೆ ಒಳ್ಳೆಯ ಉಪಾಯ ಎಲೆ ಕವಚ, ಅಂದರೆ ಕಾಂಡವನ್ನು ಸುತ್ತಿಕೊಂಡಿರುವ ಎಲೆಯ ಬುಡದ ಭಾಗ. ಸಸಿಯ ಎಲೆ ಕವಚವನ್ನು ಕೆಲವು ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಅದರ ಟೊಳ್ಳಿನೊಳಗೆ ಬೀಜಕದ ನೀರು ತುಂಬಿಸಿ ಅಡ್ಡಲಾಗಿ ಇಡುತ್ತಾರೆ. ಬೀಜಕಗಳು ನಡುನರದ ಮೇಲಿನ ಪಾರದರ್ಶಕ ಕೋಶಗಳ ಮೇಲೆ ಸಾಲಾಗಿ ಕೂರುತ್ತವೆ. 36 ಗಂಟೆಯ ನಂತರ ಬ್ಲೇಡಿನಿಂದ ತೆಳುವಾಗಿ ಕೆತ್ತಿದರೆ ಸೋಂಕಿರುವ ಕೆಲವೇ ಪದರದ ಕೋಶಗಳು ಸಿಗುತ್ತವೆ. ಬಾಸ್ ಜೀನ್‌ಗಳನ್ನು ಹುಡುಕಿದ 2009ರ ಅಧ್ಯಯನದಲ್ಲಿ ಹೀಗೆ ಮಾಡಿ ಒಟ್ಟು ಆರ್‌ಎನ್‌ಎಯಲ್ಲಿ ಶಿಲೀಂಧ್ರದ ಪಾಲನ್ನು ಸುಮಾರು ಶೇ. 20ಕ್ಕೆ ಏರಿಸಿದ್ದರು. ಕೈ ಪಳಗಲು ಒಂದೆರಡು ವಾರ ಬೇಕು, ಆದರೆ ಕಲಿತರೆ ಮುಂದಿನ ಎಲ್ಲಾ ಹೆಜ್ಜೆ ಹಗುರ. ಇನ್ನೊಂದು ಲಾಭ: ಅದೇ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಶಿಲೀಂಧ್ರ ನಿಜವಾಗಿಯೂ ಯಾವ ಹಂತದಲ್ಲಿದೆ ಎಂದು ಖಚಿತ ಮಾಡಿಕೊಳ್ಳಬಹುದು. ಗಡಿಯಾರ 36 ಅಂದರೂ, ಕೋಣೆ ತಂಪಾಗಿದ್ದರೆ ಶಿಲೀಂಧ್ರ ಹಿಂದೆ ಬಿದ್ದಿರುತ್ತದೆ. ಲೇಬಲ್‌ನಲ್ಲಿ ಗಂಟೆಯ ಜತೆ ಹಂತವನ್ನೂ ಬರೆಯಿರಿ.

ಹೆಜ್ಜೆ 4: ಕಿತ್ತ ಕ್ಷಣದಿಂದ ಫ್ರೀಜರ್‌ವರೆಗೆ

ಎಲೆ ಕಿತ್ತ ಕೂಡಲೇ ಗಿಡ ಗಾಬರಿಯಾಗುತ್ತದೆ. ಗಾಯದ ಜೀನ್‌ಗಳು ನಿಮಿಷಗಳಲ್ಲಿ ಏರುತ್ತವೆ, ಆರ್‌ಎನ್‌ಎ ಒಡೆಯತೊಡಗುತ್ತದೆ. ಕತ್ತರಿಸಿ, ಫಾಯಿಲ್‌ನಲ್ಲಿ ಸುತ್ತಿ, ಅರ್ಧ ನಿಮಿಷದೊಳಗೆ ಲಿಕ್ವಿಡ್ ನೈಟ್ರೋಜನ್‌ಗೆ ಹಾಕಿ. ಅದು ಮೈನಸ್ 196 ಡಿಗ್ರಿ ಇರುತ್ತದೆ. ಕನ್ನಡಕ, ದಪ್ಪ ಕೈಗವಸು, ಗಾಳಿಯಾಡುವ ಕೋಣೆ ಮೂರೂ ಬೇಕು.

ಆಮೇಲೆ ಮೈನಸ್ 80 ಫ್ರೀಜರ್. ಮಾದರಿಯನ್ನು ಮೂರು ಭಾಗ ಮಾಡಿ, ಒಂದನ್ನು ಬೇರೆ ಫ್ರೀಜರ್‌ನಲ್ಲಿ ಇಡಿ. ಕರೆಂಟ್ ಹೋಗಿ ಬೆಳಗಾಗುವಷ್ಟರಲ್ಲಿ ಒಂದಿಡೀ ವರ್ಷದ ಮಾದರಿ ಕರಗಿ ಹೋದದ್ದನ್ನು ನೋಡಿದ್ದೇನೆ. ಆ ವಿದ್ಯಾರ್ಥಿಯ ಮುಖ ಇಂದಿಗೂ ಕಣ್ಣ ಮುಂದಿದೆ.

ಹೆಜ್ಜೆ 5: ಆರ್‌ಎನ್‌ಎ ತೆಗೆಯುವುದು

ಒರಳನ್ನು ಮೊದಲೇ ನೈಟ್ರೋಜನ್ ಹಾಕಿ ತಣ್ಣಗೆ ಮಾಡಿ. ಎಲೆ ಹಿಟ್ಟಿನಂತಾಗುವವರೆಗೆ ಅರೆಯಿರಿ. ಶಿಲೀಂಧ್ರದ ಗೋಡೆ ಎಲೆಯ ಕೋಶಕ್ಕಿಂತ ಗಟ್ಟಿ. ಅರೆಬರೆ ಅರೆದರೆ ಭತ್ತದ ಆರ್‌ಎನ್‌ಎ ಬರುತ್ತದೆ, ಶಿಲೀಂಧ್ರದ್ದು ಗೋಡೆಯೊಳಗೇ ಉಳಿಯುತ್ತದೆ. ಹಿಟ್ಟು ಕರಗಲು ಬಿಡಬೇಡಿ, ಮಧ್ಯೆ ಮಧ್ಯೆ ನೈಟ್ರೋಜನ್ ಸೇರಿಸುತ್ತಿರಿ.

ಆರ್‌ಎನ್‌ಎ ಬೇರ್ಪಡಿಸುವ ಟ್ರೈಜಾಲ್ ದ್ರಾವಣದ 1 ಮಿ.ಲೀ.ಗೆ 100 ಮಿ.ಗ್ರಾಂ. ಹಿಟ್ಟು ಮೀರಬಾರದು. ಜಾಸ್ತಿ ಹಾಕಿದರೆ ಜಾಸ್ತಿ ಬರುತ್ತದೆ ಎಂಬುದು ತಪ್ಪು ಲೆಕ್ಕ, ಸಕ್ಕರೆ ಮತ್ತು ಪ್ರೋಟೀನ್ ಕಲಬೆರಕೆ ಜಾಸ್ತಿಯಾಗುತ್ತದೆ ಅಷ್ಟೆ. ಆಮೇಲೆ ಕ್ಲೋರೊಫಾರ್ಮ್, ತಣ್ಣನೆಯ ಸೆಂಟ್ರಿಫ್ಯೂಜ್, ಮೇಲಿನ ತಿಳಿ ಪದರ, ಐಸೊಪ್ರೊಪನಾಲ್, ಶೇ. 75ರ ಎಥನಾಲ್ ತೊಳೆತ. ಕಿಟ್‌ನ ಕಾಗದದಲ್ಲಿ ಇದೆಲ್ಲ ವಿವರವಾಗಿ ಇರುತ್ತದೆ. ಟ್ರೈಜಾಲ್‌ನಲ್ಲಿ ಫೀನಾಲ್ ಇದೆ, ಚರ್ಮ ಸುಡುತ್ತದೆ. ಫ್ಯೂಮ್ ಹುಡ್ ಇಲ್ಲದೆ ಮುಟ್ಟಬೇಡಿ.

ನಂತರ ಡಿಎನ್‌ಏಸ್, ಅಂದರೆ ಜತೆಗೆ ಬಂದ ಡಿಎನ್‌ಎಯನ್ನು ಒಡೆಯುವ ಕಿಣ್ವ. ಇದನ್ನು ಬಿಡುವ ಹಾಗೇ ಇಲ್ಲ. ಶಿಲೀಂಧ್ರದ ಎಷ್ಟೋ ಎಫೆಕ್ಟರ್ ಜೀನ್‌ಗಳು ಚಿಕ್ಕವು, ಕೆಲವದರಲ್ಲಿ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ಹೋಗುವ ಭಾಗ) ಇರುವುದಿಲ್ಲ. ಅಂಥ ಜೀನ್‌ನಲ್ಲಿ ಡಿಎನ್‌ಎ ಯಾವುದು, ಆರ್‌ಎನ್‌ಎಯಿಂದ ಬಂದದ್ದು ಯಾವುದು ಎಂದು ಪಿಸಿಆರ್‌ಗೆ ಗೊತ್ತಾಗುವುದಿಲ್ಲ.

ಗುಣಮಟ್ಟ ನೋಡಲು 260/280 ಅನುಪಾತ (260 ಮತ್ತು 280 ನ್ಯಾನೊಮೀಟರ್ ಬೆಳಕನ್ನು ಹೀರಿಕೊಂಡದ್ದರ ಅನುಪಾತ) 2ರ ಹತ್ತಿರ ಇರಬೇಕು. 260/230 ಕೂಡ 2ರ ಹತ್ತಿರ ಇದ್ದರೆ ಒಳ್ಳೆಯದು. ತೀರಾ ಕಡಿಮೆ ಇದ್ದರೆ ಸಕ್ಕರೆಯೋ ಟ್ರೈಜಾಲ್‌ನ ಉಪ್ಪೋ ಉಳಿದಿದೆ. ಜೆಲ್‌ನಲ್ಲೂ ಓಡಿಸಿ ನೋಡಿ. ಹಸಿರೆಲೆಯ ಆರ್‌ಎನ್‌ಎಯಲ್ಲಿ ಎರಡು ದೊಡ್ಡ ಪಟ್ಟಿಗಳ ಜತೆಗೆ ಚಿಕ್ಕ ಪಟ್ಟಿಗಳೂ ಕಾಣುತ್ತವೆ. ಅವು ಹರಿತ್ತು ಕಣಗಳ ರೈಬೋಸೋಮಿನವು. ಹೊಸಬರು ಅದನ್ನು ನೋಡಿ ಆರ್‌ಎನ್‌ಎ ಒಡೆದಿದೆ ಎಂದು ಹೆದರಿ ಚೆಲ್ಲುತ್ತಾರೆ. ಪಟ್ಟಿಗಳು ಚೂಪಾಗಿದ್ದರೆ ಚಿಂತೆ ಇಲ್ಲ. ಒಡೆದಿದ್ದರೆ ಪಟ್ಟಿಯ ಬದಲು ಮಸುಕು ಗೆರೆ ಎಳೆದಂತೆ ಇರುತ್ತದೆ.

ಹೆಜ್ಜೆ 6: ಸಿ-ಡಿಎನ್‌ಎ

ಆರ್‌ಎನ್‌ಎಯನ್ನು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವದಿಂದ ಡಿಎನ್‌ಎಯಾಗಿ ನಕಲು ಮಾಡಿದ್ದೇ ಸಿ-ಡಿಎನ್‌ಎ. ಎಲ್ಲಾ ಮಾದರಿಗೂ ಒಂದೇ ತೂಕದ ಆರ್‌ಎನ್‌ಎ, ಉದಾಹರಣೆಗೆ 1 ಮೈಕ್ರೊಗ್ರಾಂ, ಒಂದೇ ಕಿಟ್, ಆದಷ್ಟು ಒಂದೇ ದಿನ. ಪ್ರತಿ ಮಾದರಿಗೂ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಕೊಳವೆ ಇರಲಿ. ಡಿಎನ್‌ಎ ಉಳಿದಿದ್ದರೆ ಅದು ಹೇಳುತ್ತದೆ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. 1 ಮೈಕ್ರೊಗ್ರಾಂ ಅಂದರೆ 1,000 ನ್ಯಾನೊಗ್ರಾಂ. ಶಿಲೀಂಧ್ರದ ಪಾಲು ಶೇ. 0.5 ಇದ್ದರೆ ನಿಮಗೆ ನಿಜವಾಗಿ ಬೇಕಾದದ್ದು 5 ನ್ಯಾನೊಗ್ರಾಂ ಮಾತ್ರ. ಉಳಿದದ್ದೆಲ್ಲ ಭತ್ತದ್ದು. ಹಾಗಾಗಿ ಸಿ-ಡಿಎನ್‌ಎಯನ್ನು ಗಿಡದ ಜೀನ್‌ಗೆ ಮಾಡುವ ಹಾಗೆ 20 ಪಟ್ಟು ನೀರು ಸೇರಿಸಿ ತೆಳು ಮಾಡಬೇಡಿ. ನಾಲ್ಕೈದು ಪಟ್ಟು ಸಾಕು.

ಹೆಜ್ಜೆ 7: ಪ್ರೈಮರ್, ಮತ್ತು ಯಾರ ಆಕ್ಟಿನ್?

ಪಿಸಿಆರ್‌ಗೆ ಯಾವ ಜೀನ್ ಬೇಕು ಎಂದು ಗುರುತಿಸಿ ಕೊಡುವ ಚಿಕ್ಕ ಡಿಎನ್‌ಎ ತುಂಡೇ ಪ್ರೈಮರ್. ಅದು 18ರಿಂದ 22 ಅಕ್ಷರ, ಕರಗುವ ಉಷ್ಣತೆ 60ರ ಆಸುಪಾಸು, ಮಧ್ಯದ ತುಂಡು 80ರಿಂದ 200 ಅಕ್ಷರ. ಇಷ್ಟು ಎಲ್ಲರಿಗೂ ಗೊತ್ತು. ಎರಡು ಜೀವಿಗಳಿರುವ ಮಾದರಿಗೆ ಇನ್ನೂ ಮೂರು ಪರೀಕ್ಷೆ ಬೇಕು.

ಮೊದಲನೆಯದು, ಪ್ರೈಮರ್-ಬ್ಲಾಸ್ಟ್ ಎಂಬ ಆನ್‌ಲೈನ್ ಸಾಧನದಲ್ಲಿ ಶಿಲೀಂಧ್ರ ಮತ್ತು ಭತ್ತ ಎರಡೂ ಜೀನೋಮ್ ಕೊಟ್ಟು ಹುಡುಕಿ. ಆಕ್ಟಿನ್, ಟ್ಯುಬುಲಿನ್‌ನಂಥ ಜೀನ್‌ಗಳು ಎಲ್ಲಾ ಜೀವಿಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನಿಮ್ಮ ಶಿಲೀಂಧ್ರದ ಪ್ರೈಮರ್ ಸದ್ದಿಲ್ಲದೆ ಭತ್ತದ ಆಕ್ಟಿನನ್ನು ಹಿಡಿಯುತ್ತಿರಬಹುದು.

ಎರಡನೆಯದು, ಕಂಪ್ಯೂಟರ್ ಸರಿ ಎಂದರೂ ಸೋಂಕಿಲ್ಲದ ಭತ್ತದ ಸಿ-ಡಿಎನ್‌ಎಯಲ್ಲಿ ಓಡಿಸಿ. ಏನೂ ಬರಬಾರದು. ಬಂದರೆ ಆ ಪ್ರೈಮರ್ ಬಿಸಾಡಿ, ಎಷ್ಟೇ ದುಡ್ಡು ಕೊಟ್ಟಿದ್ದರೂ ಸರಿ.

ಮೂರನೆಯದು, ನಿಮ್ಮ ಪ್ರಭೇದದ ಡಿಎನ್‌ಎಯಲ್ಲಿ ಆ ಜೀನ್ ಇದೆಯೇ ನೋಡಿ. ಜೀನೋಮ್ ಪ್ರಕಟವಾದದ್ದು 70-15 ಎಂಬ ಒಂದು ಪ್ರಭೇದದ್ದು. ಬೆಂಕಿ ರೋಗದ ಶಿಲೀಂಧ್ರ ಗಿಡಕ್ಕೆ ಸಿಕ್ಕಿಬೀಳುವ ಎಫೆಕ್ಟರ್ ಜೀನ್‌ಗಳನ್ನು ಕಳೆದುಕೊಳ್ಳುವುದರಲ್ಲಿ ಪಳಗಿದೆ. ನಿಮ್ಮ ಗದ್ದೆಯ ಪ್ರಭೇದದಲ್ಲಿ ಜೀನೇ ಇಲ್ಲದೆ, "ಅಭಿವ್ಯಕ್ತಿ ಸೊನ್ನೆ" ಎಂದು ಬರೆದುಬಿಟ್ಟರೆ ಅದು ದೊಡ್ಡ ತಪ್ಪು.

ಈಗ ಈ ಬರಹದ ಮುಖ್ಯ ಭಾಗಕ್ಕೆ ಬಂದೆವು. ಎಲ್ಲಾ ಅಳತೆಗೂ ಒಂದು ಸ್ಥಿರ ಜೀನ್ ಬೇಕು, ಅಂದರೆ ಎಲ್ಲಾ ಹಂತದಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವ, ಹೋಲಿಸಿ ನೋಡಲು ಬಳಸುವ ಜೀನ್. ಶಿಲೀಂಧ್ರದ ಜೀನ್ ಅಳೆಯುವಾಗ ಸ್ಥಿರ ಜೀನ್ ಕೂಡ ಶಿಲೀಂಧ್ರದ್ದೇ ಆಗಿರಬೇಕು. ಭತ್ತದ ಆಕ್ಟಿನ್ ಬಳಸಬಾರದು. ಯಾಕೆ ಎಂಬುದಕ್ಕೆ ಒಂದು ಮಾದರಿ ಲೆಕ್ಕ ಮಾಡೋಣ.

24 ಗಂಟೆಯಲ್ಲಿ ನಿಮ್ಮ ಜೀನ್‌ನ ಸಿಟಿ (ಯಂತ್ರಕ್ಕೆ ಜೀನ್ ಕಾಣಿಸಲು ಬೇಕಾದ ಪಿಸಿಆರ್ ಸೈಕಲ್‌ಗಳ ಸಂಖ್ಯೆ) 30, ಶಿಲೀಂಧ್ರದ ಆಕ್ಟಿನ್ 28, ಭತ್ತದ ಆಕ್ಟಿನ್ 18 ಬಂತು ಎಂದುಕೊಳ್ಳಿ. 72 ಗಂಟೆಯಲ್ಲಿ ನಿಮ್ಮ ಜೀನ್ 25, ಶಿಲೀಂಧ್ರದ ಆಕ್ಟಿನ್ 23, ಭತ್ತದ ಆಕ್ಟಿನ್ 18. ಸಿಟಿ ಕಡಿಮೆ ಇದ್ದಷ್ಟೂ ಆರ್‌ಎನ್‌ಎ ಜಾಸ್ತಿ, ಒಂದೊಂದು ಸೈಕಲ್‌ಗೆ ಎರಡು ಪಟ್ಟು. ಭತ್ತದ ಆಕ್ಟಿನ್ ಜತೆ ಹೋಲಿಸಿದರೆ ವ್ಯತ್ಯಾಸ 12ರಿಂದ 7ಕ್ಕೆ ಇಳಿಯಿತು. ಐದು ಸೈಕಲ್, ಅಂದರೆ 32 ಪಟ್ಟು ಏರಿಕೆ! ಶಿಲೀಂಧ್ರದ ಆಕ್ಟಿನ್ ಜತೆ ಹೋಲಿಸಿ: ಆಗಲೂ 2, ಈಗಲೂ 2. ಏರಿಕೆ ಇಲ್ಲವೇ ಇಲ್ಲ. ಎಲೆಯಲ್ಲಿ ಶಿಲೀಂಧ್ರವೇ 32 ಪಟ್ಟು ಬೆಳೆದಿದೆ, ಅಷ್ಟೆ. ಜೀನ್ ಮೊದಲು ಹೇಗಿತ್ತೋ ಹಾಗೇ ಇದೆ.

ಒಂದೇ ಅಂಕಿಗಳಿಂದ ಎರಡು ಬೇರೆ ಕಥೆ ಬಂತು ನೋಡಿ. ಜಾತ್ರೆಗೆ ಜನ ಸೇರಿದ್ದನ್ನು ಕೂಗು ಜೋರಾಯಿತು ಎಂದು ಬರೆಯುವುದು ಹೀಗೆಯೇ. ಎಲೆಯಲ್ಲಿ ಶಿಲೀಂಧ್ರ ಎಷ್ಟಿದೆ ಎಂದು ಅಳೆಯಬೇಕಾದರೆ ಡಿಎನ್‌ಎ ತೆಗೆದು ಬೇರೆಯಾಗಿ ಅಳೆಯಿರಿ. ಅದೂ ಒಳ್ಳೆಯ ಪ್ರಶ್ನೆಯೇ, ಆದರೆ ಬೇರೆ ಪ್ರಶ್ನೆ.

ಒಂದೇ ಸ್ಥಿರ ಜೀನ್ ಸಾಲದು. ಬೀಜಕ, ಅಪ್ರೆಸೋರಿಯಂ, ದಪ್ಪ ಎಳೆ, ಇವೆಲ್ಲ ಬೇರೆ ಬೇರೆ ಆಕಾರದವು. ಆಕ್ಟಿನ್ ಮತ್ತು ಟ್ಯುಬುಲಿನ್ ಕೋಶದ ಆಕಾರಕ್ಕೇ ಬೇಕಾದ ಪ್ರೋಟೀನ್‌ಗಳು, ಹಂತ ಬದಲಾದಾಗ ಅವೂ ಅಲುಗಾಡಬಹುದು. ಆಕ್ಟಿನ್, ಬೀಟಾ-ಟ್ಯುಬುಲಿನ್, ಎಲಾಂಗೇಶನ್ ಫ್ಯಾಕ್ಟರ್-1 ಆಲ್ಫಾ ಮೂರನ್ನೂ ನೋಡಿ, ಜಿನಾರ್ಮ್‌ನಂಥ ತಂತ್ರಾಂಶದಲ್ಲಿ ಸ್ಥಿರವಾದ ಎರಡನ್ನು ಆರಿಸಿ, ಅವುಗಳ ಸರಾಸರಿ ಬಳಸಿ.

ಹೆಜ್ಜೆ 8: ಪ್ಲೇಟ್ ಜೋಡಿಸುವುದು

ಮೊದಲು ಪ್ರೈಮರ್‌ನ ದಕ್ಷತೆ. ಸಿ-ಡಿಎನ್‌ಎಯನ್ನು ಹತ್ತು ಹತ್ತು ಪಟ್ಟು ತೆಳು ಮಾಡುತ್ತಾ ಐದು ಹಂತ ಓಡಿಸಿ. ಗೆರೆಯ ಇಳಿಜಾರು ಮೈನಸ್ 3.32 ಬಂದರೆ ದಕ್ಷತೆ ಶೇ. 100. ಶೇ. 90ರಿಂದ 110ರ ಒಳಗಿದ್ದರೆ ಒಪ್ಪಬಹುದು.

ಎಂಟು ಸಮಯ, ಮೂರು ಜೈವಿಕ, ಮೂರು ತಾಂತ್ರಿಕ ಪುನರಾವರ್ತನೆ (ಅದೇ ಮಾದರಿಯನ್ನು ಮೂರು ಗುಳಿಯಲ್ಲಿ ಓಡಿಸುವುದು) ಸೇರಿದರೆ 72 ಗುಳಿ. 96 ಗುಳಿಯ ಪ್ಲೇಟ್‌ನಲ್ಲಿ 24 ಉಳಿಯುತ್ತವೆ. ಅವುಗಳಲ್ಲಿ ಸೋಂಕಿಲ್ಲದ ಗಿಡ, ದ್ರವದಲ್ಲಿ ಬೆಳೆದ ಎಳೆ, ಬರೀ ನೀರು, ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಕೊಳವೆಗಳು ಕೂರುತ್ತವೆ. ಒಂದು ಜೀನ್‌ಗೆ ಒಂದು ಪ್ಲೇಟ್ ಎಂದಿಟ್ಟುಕೊಂಡರೆ ಬೇರೆ ಬೇರೆ ಸಮಯಗಳನ್ನು ಒಂದೇ ಓಟದಲ್ಲಿ ಹೋಲಿಸಿದಂತಾಗುತ್ತದೆ.

ಓಟ ಮುಗಿದ ಮೇಲೆ ಕರಗುವ ರೇಖೆ ನೋಡಿ. ಒಂದೇ ಶಿಖರ ಇರಬೇಕು, ಆಗ ಒಂದೇ ತುಂಡು ನಕಲಾಗಿದೆ ಎಂದರ್ಥ. ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಕೊಳವೆ ಮಾದರಿಗಿಂತ ಕನಿಷ್ಠ ಏಳು ಸೈಕಲ್ ತಡವಾಗಿರಬೇಕು. ಏಳು ಸೈಕಲ್ ಅಂದರೆ 128 ಪಟ್ಟು, ಆಗ ಡಿಎನ್‌ಎಯ ಕಲಬೆರಕೆ ಶೇ. 1ಕ್ಕಿಂತ ಕಡಿಮೆ. ಸಿಟಿ 35 ದಾಟಿದ ಅಂಕಿಯನ್ನು ಅಳತೆ ಎನ್ನಬೇಡಿ. "ಇದೆಯೋ ಇಲ್ಲವೋ ಹೇಳಲು ಆಗದು" ಎಂದೇ ಬರೆಯಿರಿ. 8 ಮತ್ತು 16 ಗಂಟೆಯ ಎಲೆಯ ಮಾದರಿಯಲ್ಲಿ ಇದು ಆಗಾಗ ಆಗುತ್ತದೆ. ಅಂಥ ಆರಂಭದ ಹಂತಕ್ಕೆ ಎಲೆ ಬಿಟ್ಟು, ಪ್ಲಾಸ್ಟಿಕ್ ಹಾಳೆ ಅಥವಾ ನೀರು ನಿಲ್ಲದ ಬಗೆಯ ಗಾಜಿನ ಕವರ್‌ಸ್ಲಿಪ್ ಮೇಲೆ ಅಪ್ರೆಸೋರಿಯಂ ಕಟ್ಟಿಸಿ ಆರ್‌ಎನ್‌ಎ ತೆಗೆಯುವುದು ಒಳ್ಳೆಯದು. ನೀರು ನಿಲ್ಲದ ಗಟ್ಟಿ ಮೇಲ್ಮೈ ಸಿಕ್ಕರೆ ಈ ಶಿಲೀಂಧ್ರ ಅದನ್ನೂ ಎಲೆ ಎಂದೇ ತಿಳಿಯುತ್ತದೆ.

ಹೆಜ್ಜೆ 9: ಲೆಕ್ಕ

2001ರಿಂದ ಎಲ್ಲರೂ ಬಳಸುವ ಡೆಲ್ಟಾ ಡೆಲ್ಟಾ ಸಿಟಿ ವಿಧಾನ ಇದು. ಇನ್ನೊಂದು ಮಾದರಿ ಲೆಕ್ಕ. 36 ಗಂಟೆಯಲ್ಲಿ ಗುರಿ ಜೀನ್ 24, ಶಿಲೀಂಧ್ರದ ಆಕ್ಟಿನ್ 22. ವ್ಯತ್ಯಾಸ 2. ದ್ರವದಲ್ಲಿ ಬೆಳೆದ ಎಳೆಯಲ್ಲಿ ಗುರಿ ಜೀನ್ 33, ಆಕ್ಟಿನ್ 20. ವ್ಯತ್ಯಾಸ 13. ಎರಡರ ಅಂತರ 11 ಸೈಕಲ್. 2ನ್ನು 11 ಸಲ ಗುಣಿಸಿದರೆ 2,048. ಅಂದರೆ ಎಲೆಯೊಳಗೆ ಎರಡು ಸಾವಿರ ಪಟ್ಟು ಜಾಸ್ತಿ.

ಇಂಥ ದೊಡ್ಡ ಅಂಕಿ ನೋಡಿ ಖುಷಿಯಾಗುತ್ತದೆ, ಆದರೆ ತಾಳಿ. ಹೋಲಿಕೆಯ ಮಾದರಿಯಲ್ಲಿ ಜೀನ್ ಹೆಚ್ಚುಕಡಿಮೆ ಮೌನವಾಗಿದ್ದರೆ ಸಿಟಿ 33 ಇದ್ದದ್ದು ಮರುದಿನ 34 ಆಗಬಹುದು. ಆಗ 2,048 ಇದ್ದದ್ದು 4,096 ಆಗುತ್ತದೆ. ಇಲ್ಲಿ "ಸಾವಿರಾರು ಪಟ್ಟು" ಎನ್ನುವುದಕ್ಕಿಂತ "ಎಳೆಯಲ್ಲಿ ಹೆಚ್ಚುಕಡಿಮೆ ಇಲ್ಲ, ಎಲೆಯೊಳಗೆ ಚಾಲೂ" ಎನ್ನುವುದು ಪ್ರಾಮಾಣಿಕ. ಪ್ರೈಮರ್‌ಗಳ ದಕ್ಷತೆ ಒಂದೇ ಇಲ್ಲದಿದ್ದರೆ ದಕ್ಷತೆಯನ್ನೂ ಸೇರಿಸುವ ಪಾಫಲ್ ಸೂತ್ರ ಬಳಸಿ. ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನು ಪಟ್ಟುಗಳ ಮೇಲೆ ಮಾಡಬೇಡಿ, ಸಿಟಿ ವ್ಯತ್ಯಾಸಗಳ ಮೇಲೆ ಮಾಡಿ. ತಾಂತ್ರಿಕ ಪುನರಾವರ್ತನೆಗಳ ಸರಾಸರಿ ತೆಗೆದ ಮೇಲೆ ನಿಮ್ಮ ಎಣಿಕೆ ಮೂರು, ಒಂಬತ್ತಲ್ಲ.

ಎಲ್ಲಾ ಜೀನ್‌ಗಳನ್ನೂ ಒಟ್ಟಿಗೆ ನೋಡಬೇಕಾದರೆ

ಆರ್‌ಎನ್‌ಎ-ಸೀಕ್ವೆನ್ಸಿಂಗ್‌ನಲ್ಲಿ ಹನ್ನೊಂದು ಸಾವಿರ ಜೀನ್‌ಗಳೂ ಒಂದೇ ಸಲ ಸಿಗುತ್ತವೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಂಟು ಸಮಯಗಳಲ್ಲಿ 144 ಗಂಟೆಯವರೆಗೆ ಹೀಗೆ ನೋಡಿ, ಶಿಲೀಂಧ್ರದ ಜೀನ್‌ಗಳು ಹತ್ತು ಗುಂಪುಗಳಾಗಿ ಒಟ್ಟೊಟ್ಟಿಗೆ ಏರಿಳಿಯುತ್ತವೆ ಎಂದು ತೋರಿಸಿತು. 546 ಜೀನ್‌ಗಳನ್ನು ಎಫೆಕ್ಟರ್ ಇರಬಹುದು ಎಂದು ಗುರುತಿಸಿತು. ಹೊಸ ಪ್ರಯೋಗಕ್ಕೆ ದುಡ್ಡು ಹಾಕುವ ಮೊದಲು ಇಂಥ ಪ್ರಕಟಿತ ಮಾಹಿತಿಯಲ್ಲಿ ನಿಮ್ಮ ಜೀನನ್ನು ಹುಡುಕಿ ನೋಡಿ. ಅರ್ಧ ಉತ್ತರ ಅಲ್ಲೇ ಸಿಗಬಹುದು.

ನೀವೇ ಮಾಡಿಸುವುದಾದರೆ ಆಳದ ಲೆಕ್ಕ ಹಾಕಿ. 4 ಕೋಟಿ ತುಣುಕು ಓದಿಸಿದರೂ, ಶಿಲೀಂಧ್ರದ ಪಾಲು ಶೇ. 1 ಇದ್ದರೆ ನಿಮಗೆ ಸಿಗುವುದು 4 ಲಕ್ಷ. ಹನ್ನೊಂದು ಸಾವಿರ ಜೀನ್‌ಗೆ ಹಂಚಿದರೆ ಸರಾಸರಿ ಮೂವತ್ತಾರು. ಕಡಿಮೆ ಅಭಿವ್ಯಕ್ತಿಯ ಜೀನ್‌ಗೆ ಒಂದೋ ಎರಡೋ. ಎಲೆ ಕವಚದ ಉಪಾಯ ಇಲ್ಲೂ ನಿಮ್ಮನ್ನು ಕಾಪಾಡುತ್ತದೆ. ತುಣುಕುಗಳನ್ನು ಭತ್ತ ಮತ್ತು ಶಿಲೀಂಧ್ರ ಎರಡರ ಜೀನೋಮ್‌ಗೂ ಒಟ್ಟಿಗೆ ಹೊಂದಿಸಿ, ಎರಡಕ್ಕೂ ಹೊಂದುವುದನ್ನು ಬಿಡಿ. ಆಮೇಲೆ ಶಿಲೀಂಧ್ರದ ಎಣಿಕೆಯನ್ನು ಬೇರೆ ಮಾಡಿ, ಅದರೊಳಗೇ ಅಭಿವ್ಯಕ್ತಿಯ ವ್ಯತ್ಯಾಸ ಲೆಕ್ಕ ಹಾಕುವ ಡಿಇಸೀಕ್2 ತಂತ್ರಾಂಶ ಓಡಿಸಿ. ಎರಡನ್ನೂ ಕಲಸಿ ಓಡಿಸಿದರೆ ಮತ್ತೆ ಅದೇ ಜಾತ್ರೆಯ ತಪ್ಪು.

ಸೋಂಕಿನ ಎಲೆಯ ಆರ್‌ಎನ್‌ಎ ಇನ್ನೊಂದು ರೀತಿಯಲ್ಲೂ ಕೆಲಸಕ್ಕೆ ಬಂದಿದೆ. 2016ರಲ್ಲಿ ಬಾಂಗ್ಲಾದೇಶದ ಗೋಧಿಗೆ ಬೆಂಕಿ ರೋಗ ಬಂದು ಸುಮಾರು 15,000 ಹೆಕ್ಟೇರ್ ಬೆಳೆಗೆ ಹಾನಿಯಾಯಿತು. ಏಷ್ಯಾದಲ್ಲಿ ಅದೇ ಮೊದಲು. ಸಂಶೋಧಕರು ಹೊಲದ ಎಲೆಗಳಿಂದಲೇ ಆರ್‌ಎನ್‌ಎ ತೆಗೆದು ಓದಿಸಿ, ಮಾಹಿತಿಯನ್ನು ಕೂಡಲೇ ಎಲ್ಲರಿಗೂ ತೆರೆದಿಟ್ಟರು. ಅದರಿಂದ ಆ ಶಿಲೀಂಧ್ರ ದಕ್ಷಿಣ ಅಮೆರಿಕದ ಗೋಧಿ ರೋಗದ ಬಳಗದ್ದು ಎಂದು ಗೊತ್ತಾಯಿತು. ಬಾಂಗ್ಲಾದೇಶದ ಭತ್ತದ ಗದ್ದೆಯಿಂದ ಹಾರಿ ಬಂದದ್ದಲ್ಲ.

ಜೀನ್ ಏರಿತು ಎಂದ ಮಾತ್ರಕ್ಕೆ

ಅಭಿವ್ಯಕ್ತಿ ಏರಿದ ಜೀನ್ ರೋಗಕ್ಕೆ ಬೇಕೇ ಬೇಕು ಎಂದಲ್ಲ. ಏರದ ಜೀನ್ ಬೇಡ ಎಂದೂ ಅಲ್ಲ. ಪಿಎಂಕೆ1 ಜೀನ್ ತೆಗೆದರೆ ಈ ಶಿಲೀಂಧ್ರ ಅಪ್ರೆಸೋರಿಯಂ ಕಟ್ಟಲಾರದು. ಅದೇ ಪ್ರೋಟೀನ್ ಪಕ್ಕದ ಕೋಶಕ್ಕೆ ದಾಟಲೂ ಬೇಕು ಎಂದು 2018ರಲ್ಲಿ ತಿಳಿಯಿತು. ಇಷ್ಟು ಮುಖ್ಯವಾದ ಇದು ಒಂದು ಕೈನೇಸ್, ಅಂದರೆ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಕೈನೇಸ್‌ಗಳು ಚಾಲೂ ಆಗುವುದು ಮುಖ್ಯವಾಗಿ ಅವುಗಳಿಗೆ ಫಾಸ್ಫೇಟ್ ಅಂಟಿದಾಗ. ಆರ್‌ಎನ್‌ಎ ಎಣಿಸಿದರೆ ಅದು ಕಾಣುವುದಿಲ್ಲ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಮೇಲೆ ಬಂದ ಜೀನನ್ನು ತೆಗೆದುಹಾಕಿ ರೋಗ ಕಡಿಮೆಯಾಗುತ್ತದೆಯೇ ಎಂದು ನೋಡುವವರೆಗೆ "ರೋಗಕ್ಕೆ ಕಾರಣವಾದ ಜೀನ್" ಎಂದು ಬರೆಯಬೇಡಿ. "ಸೋಂಕಿನಲ್ಲಿ ಏರುವ ಜೀನ್" ಎಂದರೆ ಸಾಕು.

ಇದೆಲ್ಲ ರಾಗಿಗೂ ಹೊಂದುತ್ತದೆ. ರಾಗಿಯ ಕುತ್ತಿಗೆ, ಇಲುಕುಗಳಿಗೆ ಬರುವ ಬೆಂಕಿ ರೋಗ ಇದೇ ಶಿಲೀಂಧ್ರದ ಬಳಗದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಎಂಎಲ್-365 ಎಂಬ ರಾಗಿ ತಳಿಯ ಜೀನೋಮ್ ಪ್ರಕಟಿಸಿದೆ, ಹಾಗಾಗಿ ಪ್ರೈಮರ್ ಹೋಲಿಸಲು ಗಿಡದ ಕಡೆಯ ಮಾಹಿತಿಯೂ ಇದೆ. ಭತ್ತದ ಮೇಲೆ ನಡೆದಿರುವ ಕೆಲಸಕ್ಕೆ ಹೋಲಿಸಿದರೆ ರಾಗಿಯ ಮೇಲೆ ಆಗಿರುವುದು ಬಹಳ ಕಡಿಮೆ. ರಾಗಿಯ ಎಲೆಯೊಳಗೆ ಈ ಶಿಲೀಂಧ್ರ ಬಾಸ್4ನ್ನು ಯಾವ ಗಂಟೆಗೆ ತೆಗೆಯುತ್ತದೆ? ಒಂದು ಎಂಎಸ್ಸಿ ಪ್ರಬಂಧಕ್ಕೆ ಇಷ್ಟು ಪ್ರಶ್ನೆ ಸಾಕು. ಶುರು ಮಾಡುವವರು ಮೊದಲು ಸೋಂಕಿಲ್ಲದ ರಾಗಿಯ ಸಿ-ಡಿಎನ್‌ಎಯಲ್ಲಿ ಶಿಲೀಂಧ್ರದ ಆಕ್ಟಿನ್ ಪ್ರೈಮರ್ ಓಡಿಸಿ ನೋಡಿ.